ಸ್ಕಾರ್ಫು, ಸೀಟಿ, ಖಾದಿ ಟೊಪ್ಪಿಗೆ: ಬಾಗಲಕೋಟೆಯಲ್ಲೊಂದು ಅಕಾಡೆಮಿ ಇತ್ತು

ಇವತ್ತಿನ ಕಂತನ್ನ ಒಂದು ಕ್ವಿಜ್ ಪ್ರಶ್ನೆಯಿಂದ ಶುರು ಮಾಡ್ತೀನಿ. ಭಾರತದ ಮೊದಲ ಸ್ಕೌಟ್ ದಳ ಎಲ್ಲಿ ಹುಟ್ಟಿತು? ದೆಹಲಿ ಅಲ್ಲ, ಮುಂಬೈ ಅಲ್ಲ. ಬೆಂಗಳೂರು. 1909ರಲ್ಲಿ, ಬಿಷಪ್ ಕಾಟನ್ ಶಾಲೆಯಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಅನ್ನೋ ಬ್ರಿಟಿಷ್ ಅಧಿಕಾರಿ ಕಟ್ಟಿದ್ದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರು ಇದನ್ನ ಬರ್ಕೊಳ್ರಿ, ಬಂದೇ ಬರುತ್ತೆ.

ಎರಡನೇ ಪ್ರಶ್ನೆ. ಸ್ವಾತಂತ್ರ್ಯ ಚಳವಳಿಗೆ ಸ್ವಯಂಸೇವಕರನ್ನ ಕೊಟ್ಟ ಹಿಂದುಸ್ಥಾನಿ ಸೇವಾದಳ, ತನ್ನ ವ್ಯಾಯಾಮ ಶಿಕ್ಷಕರನ್ನು ತಯಾರು ಮಾಡೋ ಅಕಾಡೆಮಿಯನ್ನ ಇಡೀ ದೇಶದಲ್ಲಿ ಎಲ್ಲಿ ತೆರೆದಿತ್ತು? ಇದಕ್ಕೆ ಉತ್ತರ ಬಾಗಲಕೋಟೆ. ನಮ್ಮ ಬಾಗಲಕೋಟೆನೇ. ಇದು ಯಾವ ಪರೀಕ್ಷೆಗೂ ಬರೋದಿಲ್ಲ. ನಾನು ಇಲ್ಲೇ ಬಿ.ಕಾಂ. ಮುಗಿಸಿದವನು, ಹುನಗುಂದ, ಇಳಕಲ್ಲ, ಬಾದಾಮಿ ಅಂತ ಓಡಾಡಿಕೊಂಡೇ ಬೆಳೆದವನು. ಒಂದು ಪಾಠದಲ್ಲೂ, ಒಂದು ಭಾಷಣದಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಹಾಗಾಗಿ ಈ ಕಂತು.

ಈ ಎರಡು ಪ್ರಶ್ನೆಗಳ ನಡುವೆ ಒಂದು ಜಗಳ ಐತಿ. ಹದಿನಾರು ವರ್ಷದ ಹುಡುಗನಿಗೆ ಶಿಸ್ತು ಕಲಿಸಬೇಕು ಅನ್ನೋದನ್ನ ಎಲ್ಲರೂ ಒಪ್ತಾರೆ. ಆದ್ರೆ ಆ ಶಿಸ್ತು ಯಾರಿಗಾಗಿ? ಅವನು ಯಾವ ಬಾವುಟಕ್ಕೆ ಸೆಲ್ಯೂಟ್ ಹೊಡೀಬೇಕು? ಜಗಳ ಇರೋದು ಅಲ್ಲಿ.

ಮೊದಲು ಸ್ಕೌಟ್ ಹುಟ್ಟಿದ ಕಥೆಯನ್ನ ಬೇಗ ಮುಗಿಸಿಬಿಡೋಣ. ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯ ಅಧಿಕಾರಿ. 1876ರಲ್ಲಿ ಹತ್ತೊಂಬತ್ತರ ಹುಡುಗನಾಗಿ ಕೆಲಸಕ್ಕೆ ಬಂದಿಳಿದದ್ದು ಭಾರತಕ್ಕೇ. ಆಮೇಲೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಮಾಫೆಕಿಂಗ್ ಅನ್ನೋ ಊರನ್ನ ವೈರಿಗಳು 217 ದಿನ ಮುತ್ತಿಗೆ ಹಾಕಿದಾಗ ಊರು ಕಾಯ್ದು ಹೆಸರು ಮಾಡಿದ. ಅಲ್ಲಿ ಚಿಕ್ಕ ಹುಡುಗರು ಸುದ್ದಿ ಮುಟ್ಟಿಸೋ ಕೆಲಸ ಮಾಡಿದ್ದು ಅವನ ತಲೆಯಲ್ಲಿ ಕೂತಿತು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ದಂಡೆಯ ಬ್ರೌನ್‌ಸೀ ಅನ್ನೋ ಪುಟ್ಟ ದ್ವೀಪಕ್ಕೆ ಇಪ್ಪತ್ತು ಹುಡುಗರನ್ನ ಕರಕೊಂಡು ಹೋಗಿ ಶಿಬಿರ ಹೂಡಿದ. ಶ್ರೀಮಂತರ ಮಕ್ಕಳು, ದುಡಿಯೋರ ಮಕ್ಕಳು, ಇಬ್ಬರೂ ಒಂದೇ ಡೇರೆಯೊಳಗೆ. ಮುಂದಿನ ವರ್ಷ ಪುಸ್ತಕ ಬರೆದ. ಅಷ್ಟೇ, ಬೆಂಕಿ ಹತ್ತಿದ ಹಾಗೆ ಲೋಕವೆಲ್ಲ ಹಬ್ಬಿತು. ಪೆಸಿಫಿಕ್ ಸಾಗರದ ಸಣ್ಣ ಸಣ್ಣ ದ್ವೀಪಗಳ ತನಕ ಸ್ಕಾರ್ಫು ಕಟ್ಟಿದ ಹುಡುಗರು ಇದ್ದಾರೆ ಅಂದ್ರೆ ನೋಡ್ರಿ.

ಎರಡೇ ವರ್ಷದಲ್ಲಿ ಬೆಂಗಳೂರಿಗೆ ಬಂತಲ್ಲ, ಅಲ್ಲಿ ಒಂದು ಷರತ್ತು ಇತ್ತು. ಈ ಮೊದಲ ದಳಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ಹುಡುಗರಿಗೆ ಬಾಗಿಲು ಮುಚ್ಚಿತ್ತು. ಕಾರಣ ಭಯ. ಗುರುತು ಹಿಡಿದು ದಾರಿ ಹುಡುಕೋದು, ರಾತ್ರಿ ಸಂಜ್ಞೆ ಕೊಡೋದು, ಗುಂಪು ಕಟ್ಟಿ ನಡೆಯೋದು, ಇದನ್ನೆಲ್ಲ ಭಾರತದ ಹುಡುಗರಿಗೆ ಕಲಿಸಿದರೆ ನಾಳೆ ಕ್ರಾಂತಿಕಾರಿಗಳಾಗ್ತಾರೆ ಅನ್ನೋ ಅನುಮಾನ ಸರ್ಕಾರಕ್ಕೆ. ಬಂಗಾಳದಲ್ಲಿ ಬಾಂಬು ಸಿಡೀತಿದ್ದ ಕಾಲ ಅದು.

ಬಾಗಿಲು ಮುಚ್ಚಿದ್ರೆ ಏನು ಮಾಡೋದು? ನಾವೇ ಬೇರೆ ಮನೆ ಕಟ್ಟೋದು. 1916-17ರ ಹೊತ್ತಿಗೆ ಮದ್ರಾಸಿನಲ್ಲಿ ಅನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಹುಡುಗರಿಗಾಗಿ ಸ್ಕೌಟ್ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ದಳ ಮಾಡಿದರು. ಮೈಸೂರು ಸಂಸ್ಥಾನದಲ್ಲೂ ಮಹಾರಾಜರ ಆಶ್ರಯದಲ್ಲಿ ಸ್ಕೌಟ್ ಬೆಳೆಯಿತು. 1921ರಲ್ಲಿ ಬೇಡನ್ ಪೊವೆಲ್ ಖುದ್ದು ಬಂದು ಎಲ್ಲರನ್ನೂ ಒಂದು ಮಾಡೋಕೆ ನೋಡಿದ. ಬೆಸೆಂಟ್ ಸಂಘ ಒಪ್ಪಿಕೊಂಡಿತು, ಮಾಳವೀಯರ ಕಡೆಯವರು ಹೊರಗೇ ಉಳಿದರು. ತಂಟೆ ಇದ್ದದ್ದು ಪ್ರತಿಜ್ಞೆಯಲ್ಲಿ. ದೇವರಿಗೂ ರಾಜನಿಗೂ ನಿಷ್ಠನಾಗಿರ್ತೀನಿ ಅಂತ ಹುಡುಗ ಮೂರು ಬೆರಳು ಎತ್ತಿ ಹೇಳಬೇಕಿತ್ತು. ರಾಜ ಅಂದ್ರೆ ಲಂಡನ್ನಿನಲ್ಲಿ ಕೂತ ಐದನೇ ಜಾರ್ಜ್. ಮೇಲಾಗಿ ವೈಸ್‌ರಾಯ್ ಅವರೇ ಭಾರತದ ಚೀಫ್ ಸ್ಕೌಟ್.

ಬಿ.ಕಾಂ. ಓದಿದವನಿಗೆ ಒಂದು ಚಾಳಿ, ಮೊದಲು ಬ್ಯಾಲೆನ್ಸ್ ಶೀಟ್ ನೋಡೋದು. ವೈಸ್‌ರಾಯ್ ಮೇಲೆ ಕೂತಿದ್ದರೆ ಸಂಘಕ್ಕೆ ಮೈದಾನ ಸಿಗುತ್ತೆ, ಸರ್ಕಾರಿ ಶಾಲೆಗಳ ಬಾಗಿಲು ತೆರೆಯುತ್ತೆ, ದೊಡ್ಡವರ ದೇಣಿಗೆ ಬರುತ್ತೆ. ಹೊರಗೆ ಉಳಿದವರಿಗೆ ಇದ್ಯಾವುದೂ ಇಲ್ಲ. ಆದರೂ ಹೊರಗೆ ಉಳಿದರಲ್ಲ, ಅದರ ಬೆಲೆ ಇಲ್ಲಿ ಗೊತ್ತಾಗುತ್ತೆ.

ಈಗ ನಮ್ಮ ಕಡೆ ಬರೋಣ.

ನಾರಾಯಣ ಸುಬ್ಬರಾವ್ ಹರ್ಡೀಕರ್. ಹುಟ್ಟಿದ್ದು 1889, ಧಾರವಾಡ. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, 1913ರಲ್ಲಿ ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದವರು. ಆ ಕಾಲದಲ್ಲಿ ಧಾರವಾಡದಿಂದ ಮಿಶಿಗನ್! ಅಲ್ಲಿ ಲಾಲಾ ಲಜಪತರಾಯರ ಜೊತೆ ಹೋಂ ರೂಲ್ ಕೆಲಸ ಮಾಡಿದರು. 1921ರಲ್ಲಿ ವಾಪಸ್ ಬಂದರು. ಡಾಕ್ಟರ್ ಬೋರ್ಡು ಹಾಕ್ಕೊಂಡು ಕೂತಿದ್ದರೆ ಹಾಯಾಗಿ ಇರಬಹುದಿತ್ತು. ಇವರು ಹುಬ್ಬಳ್ಳಿಯಲ್ಲಿ ಹುಡುಗರನ್ನ ಸೇರಿಸಿ ಸೇವಾ ಮಂಡಲ ಕಟ್ಟಿದರು.

1923ರಲ್ಲಿ ನಾಗಪುರದಲ್ಲಿ ಝಂಡಾ ಸತ್ಯಾಗ್ರಹ ನಡೀತು. ಚರಕದ ಬಾವುಟ ಹಿಡಿದು ಮೆರವಣಿಗೆ ಹೋಗಬಾರದು ಅಂತ ಸರ್ಕಾರ ತಡೆಯಿತು, ತಡೆದಲ್ಲೇ ಹೋಗ್ತೀವಿ ಅಂತ ದೇಶದ ಮೂಲೆ ಮೂಲೆಯಿಂದ ಜನ ಹೊರಟರು. ಹುಬ್ಬಳ್ಳಿ ಹುಡುಗರೂ ಹೋದರು, ಜೈಲಿಗೆ ಬಿದ್ದರು. ಜೈಲಿನ ಕಷ್ಟ ತಾಳಲಾರದೆ ಬಹಳ ಮಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಗೆ ಬಂದರು. ಹರ್ಡೀಕರ್ ಮತ್ತು ಅವರ ಹುಬ್ಬಳ್ಳಿ ಹುಡುಗರು ಬರೆದುಕೊಡಲಿಲ್ಲ. ಈ ಸುದ್ದಿ ಕಾಂಗ್ರೆಸ್ಸಿನ ದೊಡ್ಡವರ ಕಿವಿಗೆ ಹೋಯಿತು. ಈ ಹುಡುಗರಲ್ಲಿ ಏನೋ ಇದೆ, ಇವರಿಗೆ ಕೊಟ್ಟ ತರಬೇತಿ ಎಲ್ಲರಿಗೂ ಸಿಗಬೇಕು ಅನ್ನೋ ಮಾತು ಎದ್ದಿತು. ಅದೇ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನ. ಅಲ್ಲಿ ಹಿಂದುಸ್ಥಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷ ಜವಾಹರಲಾಲ್ ನೆಹರು, ಕಟ್ಟೋ ಕೆಲಸ ಹರ್ಡೀಕರ್ ಅವರದು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಾಂಗ್ರೆಸ್ಸಿನ ಒಳಗೇ ಇದಕ್ಕೆ ಜೋರು ವಿರೋಧ ಇತ್ತು. ಸಮವಸ್ತ್ರ ಹಾಕಿಸಿ, ಸಾಲಾಗಿ ನಿಲ್ಲಿಸಿ, ಎಡ ಬಲ ಅಂತ ಕವಾಯತು ಮಾಡಿಸೋದು ಅಹಿಂಸೆಗೆ ಹೊಂದುತ್ತಾ? ನಾಳೆ ಈ ದಳವೇ ನಾಯಕರ ಮಾತು ಮೀರಿದರೆ? ಇದು ಹುಸಿ ಭಯ ಅಂತ ನನಗೆ ಅನಿಸೋದಿಲ್ಲ. ಅದೇ ದಶಕದಲ್ಲಿ ಇಟಲಿಯಲ್ಲಿ ಕರಿ ಅಂಗಿ ತೊಟ್ಟ ಹುಡುಗರು ಏನು ಮಾಡಿದರು, ಮುಂದೆ ಜರ್ಮನಿಯಲ್ಲಿ ಕಂದು ಅಂಗಿಯವರು ಏನು ಮಾಡಿದರು, ಗೊತ್ತೇ ಇದೆ. ಹುಡುಗರಿಗೆ ಒಂದೇ ಬಣ್ಣದ ಬಟ್ಟೆ ಹಾಕಿಸಿ ಹೆಜ್ಜೆ ಹಾಕಿಸೋದರಲ್ಲಿ ಒಂದು ಅಮಲು ಇದೆ. ಹರ್ಡೀಕರ್ ಕೊಟ್ಟ ಉತ್ತರ ಭಾಷಣದಲ್ಲಿಲ್ಲ, ಕೆಲಸದಲ್ಲಿದೆ. ಸಾವಿರಾರು ಜನ ಸೇರೋ ಕಡೆ ನೂಕುನುಗ್ಗಲು ಆಗದಂತೆ ನೋಡೋದು, ಬಿದ್ದವರಿಗೆ ಪ್ರಥಮ ಚಿಕಿತ್ಸೆ, ಊಟ ನೀರಿನ ವ್ಯವಸ್ಥೆ, ಕಸ ತೆಗೆಯೋದು. ಅವರು ಓದಿದ್ದು ಸಾರ್ವಜನಿಕ ಆರೋಗ್ಯ ಅನ್ನೋದನ್ನ ಮರೀಬ್ಯಾಡ್ರಿ.

ಮೊದಲ ದೊಡ್ಡ ಪರೀಕ್ಷೆ ಮರುವರ್ಷವೇ ಬಂತು. 1924ರ ಡಿಸೆಂಬರ್, ಬೆಳಗಾವಿ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಇದು. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತರು, ವಿಜಯನಗರ ಅಂತ ಡೇರೆಗಳ ಊರೇ ಎದ್ದಿತು, ನೀರಿಗಾಗಿ ಬಾವಿ ತೋಡಿ ಪಂಪಾ ಸರೋವರ ಅಂತ ಹೆಸರಿಟ್ಟರು. ಸ್ವಯಂಸೇವಕರ ಪೂರ್ತಿ ಜವಾಬ್ದಾರಿ ಹರ್ಡೀಕರ್ ಅವರದು. ಬಾಲಕಿ ಗಂಗೂಬಾಯಿ ಹಾನಗಲ್ ಸ್ವಾಗತ ಗೀತೆ ಹಾಡಿದ್ದು ಇಲ್ಲೇ. ಆ ಹಾಡಿನ ವಿಡಿಯೋ ರೀಲ್ಸ್‌ನಲ್ಲಿ ಓಡಾಡುತ್ತೆ, ಆದ್ರೆ ಅಂದು ಪಾಯಖಾನೆ ತೊಳೆದ ಸ್ವಯಂಸೇವಕರ ಹೆಸರು ಎಲ್ಲೂ ಓಡಾಡೋದಿಲ್ಲ. ಜಾತಿ ಗಟ್ಟಿಯಾಗಿ ಕೂತಿದ್ದ ಕಾಲದಲ್ಲಿ ಮನೆಯಲ್ಲಿ ಒಂದು ತಂಬಿಗೆ ಎತ್ತಿಡದ ಹುಡುಗ ಅಲ್ಲಿ ಪೊರಕೆ ಹಿಡಿದ. ನನ್ನ ಲೆಕ್ಕದಲ್ಲಿ ಕವಾಯತಿಗಿಂತ ದೊಡ್ಡ ತರಬೇತಿ ಇದು.

ಬೆಳಗಾವಿ ಅಂದಮೇಲೆ ಉಮಾಬಾಯಿ ಕುಂದಾಪುರ ಅವರನ್ನ ಬಿಡೋಕಾಗೋದಿಲ್ಲ. ಹುಟ್ಟಿದ್ದು ಮಂಗಳೂರಿನಲ್ಲಿ, 1892. ಚಿಕ್ಕ ವಯಸ್ಸಿನಲ್ಲೇ ಮದುವೆ. ಮುಂದೆ ಓದಿಸಿದ್ದು ಯಾರು ಗೊತ್ತಾ? ಮಾವ, ಆನಂದರಾವ್ ಕುಂದಾಪುರ. ಗಂಡ ತೀರಿಹೋದ ಮೇಲೆ ಮಾವ ಸೊಸೆ ಹುಬ್ಬಳ್ಳಿಗೆ ಬಂದರು. ಮಾವ ಕರ್ನಾಟಕ ಪ್ರೆಸ್ ಹಾಕಿದರು, ಸೊಸೆ ತಿಲಕ ಕನ್ಯಾ ಶಾಲೆ ನೋಡಿಕೊಂಡರು, ಭಗಿನೀ ಮಂಡಲ ಕಟ್ಟಿದರು. ಹರ್ಡೀಕರ್ ಸೇವಾದಳದ ಮಹಿಳಾ ವಿಭಾಗವನ್ನ ಇವರ ಕೈಗೆ ಕೊಟ್ಟರು. ಬೆಳಗಾವಿ ಅಧಿವೇಶನಕ್ಕೆ ಉಮಾಬಾಯಿ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನ ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ತಲೆ ಮೇಲೆ ಸೆರಗು ಹೊದ್ದು ಅಡುಗೆಮನೆ ಮೂಲೆ ಸೇರಬೇಕು ಅಂತ ಸಮಾಜ ಹೇಳಿದ್ದ ಹೆಣ್ಣುಮಗಳು, ಸಾವಿರಾರು ಗಂಡಸರು ಸೇರೋ ಜಾಗದಲ್ಲಿ ಜನರನ್ನ ಸಾಲು ನಿಲ್ಲಿಸ್ತಾಳೆ. ಇದನ್ನ ಊಹೆ ಮಾಡ್ಕೊಳ್ರಿ. ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಇದೇ ದಳದ ಕೆಲಸಕ್ಕೆ ಕೈ ಹಾಕಿದವರು.

ಸರಿ, ಬಾಗಲಕೋಟೆ.

ದಳ ದೇಶದ ತುಂಬ ಹಬ್ಬಬೇಕಂದ್ರೆ ಕಲಿಸೋರು ಬೇಕು. ಪ್ರತಿ ಪ್ರಾಂತದಲ್ಲೂ ಹುಡುಗರಿಗೆ ವ್ಯಾಯಾಮ, ಕವಾಯತು ಹೇಳಿಕೊಡೋ ಶಿಕ್ಷಕರು. ಅವರನ್ನ ತಯಾರು ಮಾಡೋ ಅಕಾಡೆಮಿ ಬಾಗಲಕೋಟೆಯಲ್ಲಿ ಶುರುವಾಯಿತು. ಇಲ್ಲಿ ತಯಾರಾದವರು ಬೇರೆ ಬೇರೆ ಪ್ರಾಂತಗಳ ಶಾಖೆಗಳಲ್ಲಿ ಕಲಿಸಬೇಕು ಅನ್ನೋದು ಯೋಜನೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಮಾಸ್ಟರ್ ಟ್ರೇನರ್‌ಗಳ ಕೇಂದ್ರ. ಬಾಗಲಕೋಟೆ ಆಗ ಜಿಲ್ಲಾ ಕೇಂದ್ರವೂ ಅಲ್ಲ. ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯ ಒಂದು ತಾಲೂಕು ಊರು. ನಮ್ಮದು ಜಿಲ್ಲೆ ಆಗಿದ್ದು 1997ರಲ್ಲಿ.

ಪುಣೆ, ಮುಂಬೈ ಬಿಟ್ಟು ಇಲ್ಲಿಗೇ ಯಾಕೆ? ನನ್ನ ಅಂದಾಜು ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಒಂದು, ರೈಲು. ಗದಗಿನಿಂದ ಹೊಟಗಿಗೆ ಹೋಗೋ ಮೀಟರ್ ಗೇಜ್ ಹಳಿ 1880ರ ದಶಕದಲ್ಲೇ ಬಾದಾಮಿ, ಬಾಗಲಕೋಟೆ ದಾಟಿ ಹೋಗಿತ್ತು. ಹುಬ್ಬಳ್ಳಿಯಲ್ಲಿ ಹತ್ತಿದವರು ಗದಗಿನ ಮೇಲೆ ಇಲ್ಲಿಗೆ ಬಂದಿಳೀಬಹುದು. ಆ ಕಡೆ ಹೊಟಗಿಯಿಂದ ಸೊಲ್ಲಾಪುರ, ಮುಂಬೈ. ಇನ್ನೊಂದು, ಗರಡಿ. ನಮ್ಮ ಭಾಗದ ಯಾವ ಹಳ್ಳಿಗೆ ಹೋದರೂ ಹನುಮಪ್ಪನ ಗುಡಿ, ಅದರ ಆಸುಪಾಸಿನಲ್ಲಿ ಗರಡಿಮನೆ. ಕೆಂಪು ಮಣ್ಣು, ಕರೇಲ, ಸಾಮು, ದಂಡ, ಬೈಠಕ್. ಮೈ ಬಗ್ಗಿಸೋ ಹುಡುಗರನ್ನ ಇಲ್ಲಿ ಹುಡುಕಿಕೊಂಡು ಹೋಗೋದೇ ಬೇಡ. ಸ್ಕೌಟ್ ಹುಡುಗನಿಗೆ ಕಾಡು ಬೇಕು, ಬೆಟ್ಟ ಬೇಕು ಅಂತಾರಲ್ಲ, ಬಾದಾಮಿಯ ಕೆಂಪು ಬಂಡೆಗಳು ಪಕ್ಕದಲ್ಲೇ ಇವೆ, ಈಗ ಎಲ್ಲೆಲ್ಲಿಂದಲೋ ಹಗ್ಗ ಹೊತ್ತುಕೊಂಡು ಹತ್ತೋಕೆ ಬರ್ತಾರೆ. ಗಂಟು ಹಾಕೋದಂತೂ ಇಳಕಲ್ಲಿನ ನೇಕಾರರ ಮಕ್ಕಳಿಗೆ ಯಾವ ಸ್ಕೌಟ್ ಮಾಸ್ತರ್ ಕಲಿಸಬೇಕು? ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸೋ ಕೆಲಸ ಅವರ ಮನೆಯದು.

ಇದು ಗರಡಿಗೂ ಸ್ಕೌಟಿಗೂ ಇರೋ ವ್ಯತ್ಯಾಸವನ್ನೂ ತೋರಿಸುತ್ತೆ. ಗರಡಿಯಲ್ಲಿ ಉಸ್ತಾದ ಒಬ್ಬ, ಶಿಷ್ಯ ಒಬ್ಬ, ಕುಸ್ತಿ ಅಂದ್ರೆ ಒಬ್ಬನ ಮೇಲೆ ಒಬ್ಬ. ಸ್ಕೌಟಿನಲ್ಲಿ ಆರೆಂಟು ಹುಡುಗರ ಪಟಾಲಮ್ಮು, ಅವರಲ್ಲೇ ಒಬ್ಬ ನಾಯಕ, ಗೆದ್ದರೆ ಎಲ್ಲರೂ ಗೆದ್ದಂತೆ. ಸೇವಾದಳ ಈ ಎರಡನ್ನೂ ಬೆರೆಸೋಕೆ ಹೊರಟಿತ್ತು. ಮೈಗೆ ಗರಡಿಯ ಕಸು, ಗುಂಪಿಗೆ ಸ್ಕೌಟಿನ ಕಟ್ಟು, ಮೇಲೆ ಖಾದಿ. ತಿಂಗಳ ಕೊನೆಯ ಭಾನುವಾರ ಬಾವುಟ ಏರಿಸಿ ವಂದನೆ ಸಲ್ಲಿಸೋ ಪದ್ಧತಿಯನ್ನ ಊರೂರಿಗೆ ಮುಟ್ಟಿಸಿದ್ದು ಇದೇ ದಳ. ಒಂದು ಕಡೆ ಶಾಲೆಯ ಮೈದಾನದಲ್ಲಿ ರಾಜನಿಗೆ ಪ್ರತಿಜ್ಞೆ, ಇನ್ನೊಂದು ಕಡೆ ಪೇಟೆಯ ಚೌಕದಲ್ಲಿ ಚರಕದ ಬಾವುಟಕ್ಕೆ ಸೆಲ್ಯೂಟ್. ಎರಡೂ ಒಂದೇ ವಯಸ್ಸಿನ ಹುಡುಗರು. ಒಂದೇ ಮನೆಯ ಅಣ್ಣ ತಮ್ಮಂದಿರೂ ಇದ್ದಿರಬಹುದು.

ಮುಂದಿನದು ನೋವಿನ ಭಾಗ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಶುರುವಾದ ಮೇಲೆ ಸೇವಾದಳದ ಹುಡುಗರು ಮುಂಚೂಣಿಯಲ್ಲಿದ್ದರು. 1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸೇವಾದಳವನ್ನ ತನ್ನ ಅಧಿಕೃತ ಸ್ವಯಂಸೇವಕ ಸಂಸ್ಥೆಯಾಗಿ ತನ್ನ ಕೆಳಗೆ ತಂದುಕೊಂಡಿತು. ಗೌರವವೂ ಹೌದು, ಲಗಾಮೂ ಹೌದು. 1932ರಲ್ಲಿ ಬ್ರಿಟಿಷರು ಕಾಂಗ್ರೆಸ್ಸನ್ನೂ ಸೇವಾದಳವನ್ನೂ ನಿಷೇಧಿಸಿದರು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಜೈಲು ಸೇರಿದರು, ಪ್ರೆಸ್ ಜಪ್ತಿ, ಶಾಲೆಗೆ ಬೀಗ, ಭಗಿನೀ ಮಂಡಲ ಕಾನೂನುಬಾಹಿರ. 1934ರಲ್ಲಿ ಕಾಂಗ್ರೆಸ್ ಮೇಲಿನ ನಿಷೇಧ ತೆಗೆದ ಮೇಲೂ ಸೇವಾದಳದ ಮೇಲಿನದನ್ನ ತೆಗೆಯಲಿಲ್ಲ. ಗಮನಿಸ್ರಿ. ಭಾಷಣ ಮಾಡೋ ಪಕ್ಷವನ್ನ ಸಹಿಸಬಹುದು, ಸಾಲಾಗಿ ನಡೆಯೋ ಹುಡುಗರನ್ನ ಸಹಿಸೋದಕ್ಕೆ ಆಗೋದಿಲ್ಲ ಅಂತ ಸರ್ಕಾರವೇ ಹೇಳಿದ ಹಾಗಾಯ್ತು. 1909ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿದ್ದು ಯಾವ ಭಯಕ್ಕೋ, ಅದೇ ಭಯ.

ಆ ಕಡೆ ಸ್ಕೌಟ್ ಸಂಘದೊಳಗೂ ಬಿರುಕು ಬಂತು. 1937ರಲ್ಲಿ ದೆಹಲಿಯಲ್ಲಿ ಮೊದಲ ಅಖಿಲ ಭಾರತ ಜಾಂಬೂರಿ. ಎಂಬತ್ತರ ಬೇಡನ್ ಪೊವೆಲ್ ಬಂದರು, ಹೋದ ಮೇಲೆ ಭಾರತೀಯರ ನಡತೆ ಬಗ್ಗೆ ಹಗುರವಾಗಿ ಮಾತಾಡಿದರು. ಇಲ್ಲಿ ಸಿಟ್ಟು ಎದ್ದಿತು. 1938ರಲ್ಲಿ ಹಿಂದುಸ್ಥಾನ್ ಸ್ಕೌಟ್ ಸಂಘ ಬೇರೆಯಾಗಿ ನಿಂತಿತು. ವಿಶ್ವಭ್ರಾತೃತ್ವ ಕಲಿಸಿದ ಮನುಷ್ಯನಿಗೆ ಆ ಭ್ರಾತೃತ್ವ ಎಲ್ಲಿಯ ತನಕ ಅನ್ನೋದರಲ್ಲಿ ಗಡಿ ಇತ್ತು. ಹಾಗಂತ ಅವನು ಕೊಟ್ಟ ಪದ್ಧತಿ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಪದ್ಧತಿಯನ್ನ ಇಟ್ಟುಕೊಂಡು ಪ್ರತಿಜ್ಞೆಯನ್ನ ಬದಲಾಯಿಸಬಹುದು ಅನ್ನೋದನ್ನ ನಮ್ಮವರು ಮಾಡಿ ತೋರಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಪ್ರತಿಜ್ಞೆಯಲ್ಲಿ ರಾಜ ಹೋಗಿ ದೇಶ ಬಂತು. 1950ರ ನವೆಂಬರ್ 7ರಂದು ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು, ಮರುವರ್ಷ ಆಗಸ್ಟ್ 15ಕ್ಕೆ ಗರ್ಲ್ ಗೈಡ್ಸ್ ಕೂಡಿಕೊಂಡರು. ಕರ್ನಾಟಕದಲ್ಲಿ ಕೊಂಡಜ್ಜಿ ಬಸಪ್ಪನವರಂಥವರು ಇದನ್ನ ಬೆಳೆಸಿದರು, ಹರಿಹರದ ಹತ್ತಿರದ ಕೊಂಡಜ್ಜಿಯಲ್ಲಿ ಇವತ್ತಿಗೂ ಶಿಬಿರ ನಡೆಯುತ್ತೆ. 2022ರ ಡಿಸೆಂಬರಿನಲ್ಲಿ ಮೂಡಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯೇ ಆಯಿತು. ಸೇವಾದಳ ಮಾತ್ರ ಕಾಂಗ್ರೆಸ್ ಪಕ್ಷದ ಅಂಗವಾಗಿ ಉಳಿಯಿತು. ಪಕ್ಷದ ಅಂಗ ಅಂದ ಮೇಲೆ ಎಲ್ಲರ ನೆನಪಿನಲ್ಲಿ ಉಳಿಯೋದು ಕಷ್ಟ. ನನ್ನ ಪ್ರಕಾರ ಬಾಗಲಕೋಟೆ ಅಕಾಡೆಮಿ ಮರೆತು ಹೋಗೋಕೆ ಇದು ಮುಖ್ಯ ಕಾರಣ. ಬೇರೆ ಪಕ್ಷದವರಿಗೆ ಇದು ತಮ್ಮದಲ್ಲ ಅನಿಸಿತು, ಆ ಪಕ್ಷದವರಿಗೆ ದೆಹಲಿಯ ಇತಿಹಾಸ ಸಾಕಾಯಿತು. ಇನ್ನೊಂದು ಕಾರಣ ನೀರು. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ದೊಡ್ಡ ಭಾಗವನ್ನ ನುಂಗಿತು, ಜನ ನವನಗರಕ್ಕೆ ಬಂದರು. ಓಣಿಗೆ ಓಣಿಯೇ ಎದ್ದು ಹೋದಾಗ ಇಲ್ಲೊಂದು ಮೈದಾನ ಇತ್ತು, ಅಲ್ಲಿ ಹುಡುಗರು ಸಾಲು ನಿಲ್ತಿದ್ದರು ಅಂತ ಬೆರಳು ಮಾಡಿ ತೋರಿಸೋ ಅಜ್ಜ ಯಾವ ಕಡೆ ತೋರಿಸಬೇಕು?

ಹರ್ಡೀಕರ್ ಘಟಪ್ರಭೆಯಲ್ಲಿ ಆರೋಗ್ಯಧಾಮ ಕಟ್ಟಿದರು, ರಾಜ್ಯಸಭೆಯಲ್ಲಿ 1952ರಿಂದ ಹತ್ತು ವರ್ಷ ಇದ್ದರು, 1958ರಲ್ಲಿ ಪದ್ಮಭೂಷಣ ಬಂತು, 1975ರಲ್ಲಿ ತೀರಿಕೊಂಡರು. ಉಮಾಬಾಯಿ ಸ್ವಾತಂತ್ರ್ಯದ ನಂತರ ಅಧಿಕಾರವನ್ನೂ ತೆಗೆದುಕೊಳ್ಳಲಿಲ್ಲ, ಪಿಂಚಣಿಯನ್ನೂ ತೆಗೆದುಕೊಳ್ಳಲಿಲ್ಲ. ಹುಬ್ಬಳ್ಳಿಯ ಸಣ್ಣ ಮನೆಯಲ್ಲಿ ಬದುಕಿ 1992ರಲ್ಲಿ ನೂರರ ವಯಸ್ಸಿನಲ್ಲಿ ಹೋದರು. ಈ ಕಂತು ಕೇಳ್ತಿರೋ ಬಹಳ ಜನರ ಅಣ್ಣ ಅಕ್ಕಂದಿರು ಆಗಲೇ ಹುಟ್ಟಿದ್ದರು, ಅಷ್ಟು ಹತ್ತಿರದ ಕಾಲ.

ಈಗಿನ ಮಾತಿಗೆ ಬಂದರೆ, ಇವತ್ತು ಸ್ಕೌಟ್ ಅಂದ ಕೂಡಲೇ ಕೇಳೋದು ಸರ್ಟಿಫಿಕೇಟ್ ಬಗ್ಗೆ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ, ರೈಲ್ವೆಯಲ್ಲಿ ಸ್ಕೌಟ್ ಕೋಟಾ. ಇದನ್ನ ಹೀಯಾಳಿಸೋರ ಸಾಲಿನಲ್ಲಿ ನಾನಿಲ್ಲ. ಒಣ ಬೇಸಾಯದ ಹುನಗುಂದ ತಾಲೂಕಿನ ಹುಡುಗನಿಗೆ ರೈಲ್ವೆ ನೌಕರಿ ಅಂದ್ರೆ ಏನು ಅಂತ ನಮಗೆ ಗೊತ್ತು. ಆದ್ರೆ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಯಂಥ ಕಡೆ, ತೇರು ಎಳೆಯೋ ಹೊತ್ತಿಗೆ ಆ ಗದ್ದಲ ನೋಡ್ರಿ. ಸೀಟಿ ಊದಿ ಜನರಿಗೆ ದಾರಿ ಮಾಡಿಕೊಡೋ, ಕೈ ತಪ್ಪಿದ ಮಗುವನ್ನ ತಾಯಿಗೆ ಮುಟ್ಟಿಸೋ ಹುಡುಗರು ಹುಡುಗಿಯರು ಅಲ್ಲಿ ಎಷ್ಟಿದ್ದರೂ ಸಾಲದು. ಹರ್ಡೀಕರ್ ಬೆಳಗಾವಿಯಲ್ಲಿ ಮಾಡಿಸಿದ್ದು ಇದೇ ಕೆಲಸ. ಇನ್ನೊಂದು ತಮಾಷೆ, ಸ್ಕೌಟುಗಳು ಕೈ ಕುಲುಕೋದು ಎಡಗೈಯಲ್ಲಿ. ನಮ್ಮ ಕಡೆ ಎಡಗೈ ಚಾಚಿದರೆ ಅಜ್ಜಿ ಬೈಗುಳ ಗ್ಯಾರಂಟಿ. ಆ ಒಂದು ಪದ್ಧತಿಯನ್ನ ನಮ್ಮ ಊರುಗಳು ಹೇಗೆ ಅರಗಿಸಿಕೊಂಡವೋ!

ಕೊನೆಗೆ ಒಂದು ಕೆಲಸ ನಿಮಗೆ. ಬಾಗಲಕೋಟೆ, ಗುಳೇದಗುಡ್ಡ, ಇಳಕಲ್ಲ, ಹುನಗುಂದ, ಎಲ್ಲೇ ಇರ್ರಿ, ಅಟ್ಟದ ಮೇಲಿನ ಟ್ರಂಕು ಒಮ್ಮೆ ತೆಗೀರಿ. ಮುತ್ತಜ್ಜನ ಖಾದಿ ಟೊಪ್ಪಿಗೆ, ಸೇವಾದಳದ ಬಿಲ್ಲೆ, ಸಾಲಾಗಿ ನಿಂತ ಹುಡುಗರ ಮಾಸಿದ ಫೋಟೋ ಏನಾದ್ರೂ ಸಿಕ್ಕರೆ ಅದನ್ನ ಒರೆಸೋಕೆ ಹೋಗಬ್ಯಾಡ್ರಿ. ಹಾಗೇ ಬೆಳಕಿನಲ್ಲಿಟ್ಟು ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು ನನಗೆ ಕಳಿಸ್ರಿ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಊರು, ಇಸವಿ ಬರೆದಿರೋದು ಉಂಟು. ಹತ್ತು ಫೋಟೋ ಬಂದರೂ ಸಾಕು, ಮುಂದಿನ ಕಂತು ಅದರ ಮೇಲೇ.